ತಾಯಣ್ಣನ ದನಿ, ಅರ್ಧ ರೊಟ್ಟಿ

ಮಕ್ತಲ್ ಚೌರಸ್ತೆಯಲ್ಲಿ ನನ್ನ ರೊಟ್ಟಿ ಒಲೆ ಇರುವುದು ಬೇವಿನ ಮರದ ಕೆಳಗೆ. ಅಲ್ಲಿಂದ ಹತ್ತು ಹೆಜ್ಜೆ ನಡೆದರೆ ರಾಯಚೂರಿಗೆ ಹೋಗುವ ಜೀಪು, ಆಟೋಗಳು ನಿಲ್ಲುವ ಜಾಗ. ಆ ಗಾಡಿಗಳಿಗೆ ಜನರನ್ನು ಕರೆಯುವವನು ತಾಯಣ್ಣ. ನನ್ನ ಗಂಡ ತೀರಿಕೊಂಡ ವರ್ಷ ನಾನು ಒಲೆ ಹೂಡಿದೆ, ಅದೇ ವರ್ಷ ಅವನು ಪುಣೆಯಿಂದ ಬಂದು ಅಲ್ಲಿ ನಿಂತ. ಇಪ್ಪತ್ತೆರಡು ವರ್ಷವಾಯಿತು.

ಪುಣೆಯಲ್ಲಿ ಅವನು ಕಟ್ಟಡದ ಕೆಲಸಕ್ಕೆ ಹೋಗಿದ್ದ. ನಾಲ್ಕನೇ ಮಾಳಿಗೆಯ ಮೇಲೆ ನಿಂತು ಕೆಳಗಿನವರಿಗೆ ಇಟ್ಟಿಗೆ ಬೇಕು, ನೀರು ಬೇಕು ಎಂದು ಕೂಗಿ ಹೇಳುವುದೇ ಅವನ ಪಾಲಿಗೆ ಬಂತಂತೆ. ಪಕ್ಕದ ಕಟ್ಟಡದವರೂ ಅವನ ಕೂಗು ಕೇಳಿ ಇಟ್ಟಿಗೆ ಕಳಿಸುತ್ತಿದ್ದರು ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಊರಿಗೆ ಬಂದ ಮೇಲೆ ಆ ದನಿಯನ್ನೇ ಕೆಲಸ ಮಾಡಿಕೊಂಡ.

“ರಾಯಚೂರ್ ರಾಯಚೂರ್ ರಾಯಚೂರ್, ಬರ್ರಿ ಬರ್ರಿ, ಒಂದೇ ಸೀಟು. ಎಕ್ಕಂಡಿ ಎಕ್ಕಂಡಿ, ಒಕಟೇ ಸೀಟು. ಆವ್ ಭಾಯ್ ಆವ್, ಏಕಿಚ್ ಸೀಟ್.”

ಕನ್ನಡದವರಿಗೆ ಕನ್ನಡ, ತೆಲುಗಿನವರಿಗೆ ತೆಲುಗು, ಸಾಹೇಬರಿಗೆ ಅವರ ಉರ್ದು. ಗಾಡಿಯಲ್ಲಿ ಡ್ರೈವರ್ ಬಿಟ್ಟು ನರಪಿಳ್ಳೆ ಇಲ್ಲದಿದ್ದರೂ ಒಂದೇ ಸೀಟು. ಹಳೆ ಪ್ರಯಾಣಿಕರಿಗೆ ಇದು ಗೊತ್ತಿದ್ದರೂ ಆ ದನಿ ಕಿವಿಗೆ ಬಿದ್ದೊಡನೆ ಕಾಲುಗಳು ತಾವಾಗಿಯೇ ಓಡುತ್ತಿದ್ದವು.

ಚೌರಸ್ತೆಯಲ್ಲಿ ಒಂದು ರಿವಾಜು ಇದೆ. ಗಾಡಿ ತುಂಬಿ ಹೊರಟಿತೆಂದರೆ ಆ ಡ್ರೈವರ್ ಕರೆದವನಿಗೆ ಅರ್ಧ ಚಹಾ ಕುಡಿಸಿ ಹೋಗಬೇಕು. ದಿನದ ಕೂಲಿ ಬೇರೆ, ಇದು ಮರ್ಯಾದೆ. ಕರೆದವನು ಕುಡಿಯದಿದ್ದರೆ ಆ ಗಾಡಿಯವನ ಮೇಲೆ ಏನೋ ಸಿಟ್ಟಿದೆ ಎಂದೇ ಅರ್ಥ. ಹೀಗೆ ತಾಯಣ್ಣನ ಹೊಟ್ಟೆಗೆ ದಿನಕ್ಕೆ ಹದಿನಾಲ್ಕು ಹದಿನೈದು ಅರ್ಧ ಚಹಾ ಬೀಳುತ್ತಿತ್ತು. ಹತ್ತು ಗಂಟೆಗೆ ಒಗ್ಗರಣಿ ಮಂಡಕ್ಕಿ, ಮೇಲೆ ನಾಲ್ಕು ಮಿರ್ಚಿ. ಮಧ್ಯಾಹ್ನ ನನ್ನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ನನ್ನ ಪುಂಡಿಪಲ್ಯದ ಹುಳಿ, ಖಾರ ಎರಡೂ ಈ ಕಡೆ ಹೆಸರಾದದ್ದು. ಅವನಿಗೆ ಅದನ್ನು ಎರಡು ಸಲ ಬಡಿಸಬೇಕು. ಕಡೆಯ ಗಾಡಿ ಕಳಿಸಿ ಮನೆಗೆ ಹೋಗುವುದು ಹತ್ತು ಗಂಟೆಗೆ. ಹೆಂಡತಿ ಎಂಕಮ್ಮ ಬಡಿಸಿದ್ದನ್ನು ಹೊಟ್ಟೆ ತುಂಬ ಉಂಡು, ಕೈ ತೊಳೆದ ನೀರು ಆರುವ ಮೊದಲೇ ಮಂಚಕ್ಕೆ ಬೀಳುವುದು.

ಹೋದ ವರ್ಷದ ಯುಗಾದಿ ಕಳೆದ ಮೇಲೆ ಅವನ ದನಿ ಕೆಟ್ಟಿತು. ಮೊದಮೊದಲು ಬೆಳಿಗ್ಗೆ ಮಾತ್ರ ಗೊಗ್ಗರಾಗಿ, ಬಿಸಿಲೇರಿದಂತೆ ಸರಿಯಾಗುತ್ತಿತ್ತು. ಆಮೇಲೆ ಬಿಸಿಲೇರಿದರೂ ಸರಿಯಾಗಲಿಲ್ಲ. ಎರಡು ಸಲ ರಾಯಚೂರ್ ಅನ್ನುತ್ತಿದ್ದ, ಮೂರನೆಯದು ಬಾಯೊಳಗೇ ಉಳಿಯುತ್ತಿತ್ತು. ದಿನವೆಲ್ಲ ಖ್ಹ, ಖ್ಹ ಎಂದು ಗಂಟಲು ಕೆರೆಯುವುದು.

ಗಂಟಲಿನ ಮದ್ದು ಯಾರಿಗೆ ಗೊತ್ತಿಲ್ಲ? ಒಬ್ಬ ಪೆಪ್ಪರಮಿಂಟ್ ಕೊಟ್ಟ, ಒಬ್ಬ ಹಸಿಶುಂಠಿ ಜಗಿ ಎಂದ. ನಾನು ಅವರಿಗಿಂತ ಹೆಚ್ಚಿನದು ಮಾಡಿದೆ. ಮೆಣಸು, ಒಣಶುಂಠಿ, ಅಜವಾನ ಕುಟ್ಟಿ ಕುದಿಸಿ, ಲಿಂಬೆ ಹಿಂಡಿ, ದೊಡ್ಡ ಹಿತ್ತಾಳೆ ಗ್ಲಾಸಿನ ತುಂಬ ಕಷಾಯ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನನ್ನೆದುರು ನಿಂತೇ ಕುಡಿಯಬೇಕು. ದನಿ ಇನ್ನಷ್ಟು ಕೆಟ್ಟಿತು. ಮದ್ದು ಸಾಲದಾಯಿತು ಎಂದುಕೊಂಡು ಹತ್ತು ಕಾಳು ಮೆಣಸನ್ನು ಇಪ್ಪತ್ತು ಮಾಡಿದೆ. ಅವನು ಕಣ್ಣಲ್ಲಿ ನೀರು ತಂದುಕೊಂಡು ಕುಡಿದು, “ಯಕ್ಕಾ, ನಿನ್ನ ಋಣ ತೀರಂಗಿಲ್ಲ” ಎನ್ನುತ್ತಿದ್ದ. ಐದು ತಿಂಗಳು ಕುಡಿಸಿದೆ.

ಗಣಪತಿ ಕಳಿಸಿದ ಮರುವಾರ ದನಿ ಪೂರ್ತಿ ನಿಂತಿತು. ಆ ಕಾಲಕ್ಕೆ ಗಾಡಿಗಳ ಸ್ಥಿತಿಯೂ ನೆಟ್ಟಗಿರಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಇದ್ದಬದ್ದ ನಾಲ್ಕು ಜನರನ್ನು ಕೂಗಿ ಹಿಡಿಯಬೇಕಿತ್ತು. ಡ್ರೈವರುಗಳಲ್ಲಿ ಗೋಪಾಲ್ ಎಂಬವನಿದ್ದಾನೆ, ಜೀಪು ಅವನದೇ, ಮಾತು ಖಡಕ್ಕು. ಅವನು ಬಂದು ನನ್ನ ಒಲೆಯ ಮುಂದೆ ಕೂತು ಹೇಳಿದ: “ಅನಂತಮ್ಮಕ್ಕಾ, ಆ ಮನಿಷ್ಯಾನ ರಾಯಚೂರಿಗಿ ಕರಕೊಂಡು ಹೋಗಿ ತೋರಸು. ಎಳ್ಳಮಾಸಿ ತನಕ ನಾವು ಹೆಂಗರೆ ನಡಸ್ತೀವಿ. ಆಮ್ಯಾಲ ಬ್ಯಾರೆ ಯಾರನ್ನರೆ ನೋಡಬೇಕಾಗತೈತಿ.”

ಅಲ್ಲೇ ನಿಂತಿದ್ದ ತಾಯಣ್ಣ ಕೇಳಿಸಿಕೊಂಡ. ಏನಾದರೂ ಅನ್ನಲು ಬಾಯಿ ತೆರೆದ, ದನಿಯಿಲ್ಲದೆ ಬರಿ ಗಾಳಿ ಬಂತು. ಅವನಿಗಿನ್ನೂ ಐವತ್ತೆಂಟು. ಕರೆಯುವುದು ಬಿಟ್ಟು ಬೇರೆ ಕೆಲಸ ಮಾಡಿದವನಲ್ಲ.

ಮರುದಿನ ನಾನು, ಎಂಕಮ್ಮ, ತಾಯಣ್ಣ ಗೋಪಾಲನ ಜೀಪಿನಲ್ಲೇ ರಾಯಚೂರಿಗೆ ಹೋದೆವು. ಕಿವಿ ಮೂಗು ಗಂಟಲು ನೋಡುವ ಡಾಕ್ಟರಮ್ಮ, ವಯಸ್ಸು ನಲವತ್ತಿರಬಹುದು. ಅವನ ಮೂಗಿನೊಳಗೆ ಸಣ್ಣ ನಳಿಗೆ ಬಿಟ್ಟು ಟಿವಿಯಲ್ಲಿ ನೋಡಿದರು. ನಮಗೂ ತೋರಿಸಿದರು. ಒಳಗೆಲ್ಲ ಕೆಂಪಗೆ ಊದಿಕೊಂಡಿತ್ತು.

“ಇದು ಗಂಟ್ಲ ಬ್ಯಾನಿ ಅಲ್ರಿ,” ಎಂದರು. “ಹೊಟ್ಟ್ಯಾಗಿನ ಹುಳಿ ಮ್ಯಾಲ ಬಂದು ದನಿಪೆಟಗಿ ಸುಡಾಕತ್ತೈತಿ.”

ತಾಯಣ್ಣ ಎದೆ ಮುಟ್ಟಿ ತೋರಿಸಿ ತಲೆ ಅಲ್ಲಾಡಿಸಿದ. ಎಂಕಮ್ಮ ಅವನ ಪರವಾಗಿ ಹೇಳಿದಳು: “ಎದಿ ಉರಿಯಂಗಿಲ್ಲಂತ್ರಿ ಇವರಿಗಿ.”

“ಎಲ್ಲಾರಿಗೂ ಎದಿ ಉರೀಬೇಕಂತಿಲ್ಲವ್ವ. ಕೆಲವರಿಗಿ ಸದ್ದಿಲ್ದ ಗಂಟ್ಲ ತನಕ ಏರತೈತಿ. ಮುಂಜಾನಿ ದನಿ ಒಡದಿರತೈತಿ. ಗಂಟ್ಲಾಗ ಏನೋ ಸಿಕ್ಕಂಗಿರತೈತಿ. ಗಂಟು ಎತ್ತಾಕ ಬಗ್ಗಿದ್ರ ಬಾಯಾಗ ಹುಳಿ ನೀರು ಬರತೈತಿ. ಹೌದಿಲ್ಲೋ?”

ತಾಯಣ್ಣ ಅವರನ್ನು ಕಣಿ ಹೇಳುವವರನ್ನು ನೋಡುವಂತೆ ನೋಡಿದ.

ಏನೇನು ತಿನ್ನುತ್ತಾನೆ ಎಂದು ಕೇಳಿದರು. ಎಂಕಮ್ಮ ಒಂದೊಂದೇ ಹೇಳುತ್ತ ಹೋದಳು. ಚಹಾಕ್ಕೆ ಬಂದಾಗ ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಎತ್ತಿ ಹಿಡಿದರು. ಪೆಪ್ಪರಮಿಂಟಿಗೆ ಬಂದಾಗ ಅದೂ ಬೇಡವೆಂದು ತಲೆ ಆಡಿಸಿದರು. ಕಷಾಯಕ್ಕೆ ಬಂದಾಗ ಪೆನ್ನು ಕೆಳಗಿಟ್ಟರು.

“ಇಪ್ಪತ್ತು ಕಾಳು ಮೆಣಸು, ಬರಿಹೊಟ್ಟಿಮ್ಯಾಲ. ಯಾರು ಕೊಡ್ತಾರ್ರಿ ಇದನ್ನ?”

ಎಂಕಮ್ಮ ನನ್ನನ್ನು ನೋಡಿದಳು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ.

“ನಿಮ್ಮ ಮನಸು ಛಲೋ ಐತಿ ಅಮ್ಮಾ,” ಎಂದರು ಅವರು. “ಆದರ ಉರಿಯೋ ಒಲಿಗಿ ನೀವು ದಿನಾ ಕಟಗಿ ಇಟ್ಟಂಗಾತು.”

ಎರಡು ತಿಂಗಳ ಗುಳಿಗೆ ಬರೆದುಕೊಟ್ಟರು, ಬೆಳಿಗ್ಗೆ ಊಟಕ್ಕೆ ಅರ್ಧ ತಾಸು ಮೊದಲು ನುಂಗುವುದು. ಗುಳಿಗೆಗಿಂತ ಅವರು ಹೇಳಿದ ಮಾತುಗಳೇ ದೊಡ್ಡವು. ಸಂಜೆ ಏಳರೊಳಗೆ ಉಣ್ಣಬೇಕು, ಉಂಡು ಮೂರು ತಾಸು ಅಡ್ಡಾಗಬಾರದು. ಒಮ್ಮೆಲೇ ಹೊಟ್ಟೆ ಬಿರಿಯ ಉಣ್ಣದೆ ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ಉಣ್ಣಬೇಕು. ಚಹಾ, ಕರಿದದ್ದು, ಖಾರ, ಹುಳಿ, ಹಸಿ ಉಳ್ಳಾಗಡ್ಡಿ, ಎಲೆಯಡಿಕೆ ತಂಬಾಕು ಎಲ್ಲ ಬಂದ್. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸಬೇಕು. ದಿಂಬಿನ ಮೇಲೆ ದಿಂಬು ಇಟ್ಟರೆ ಹೊಟ್ಟೆ ಮಡಚುತ್ತದೆ, ಅದು ಬೇಡ. ಎಡಗಡೆ ಹೊರಳಿ ಮಲಗಬೇಕು. ಪಂಚೆಯನ್ನು ಹೊಟ್ಟೆಯ ಮೇಲೆ ಬಿಗಿದು ಕಟ್ಟಬಾರದು. ಗಂಟಲು ಕೆರೆಯಬೇಕು ಅನಿಸಿದಾಗ ಒಂದು ಗುಟುಕು ನೀರು ಕುಡಿಯಬೇಕು. ಒಂದು ತಿಂಗಳು ಕೂಗುವಂತಿಲ್ಲ.

ಎಂಕಮ್ಮ, “ಪಿಸುಪಿಸು ಮಾತಾಡಿದ್ರ ನಡೀತೈತೇನ್ರಿ?” ಎಂದಳು.

“ಅದೂ ಬ್ಯಾಡ. ಪಿಸುಮಾತಿಗೂ ಗಂಟ್ಲಿಗಿ ಜಗ್ಗಿದಂಗ ಆಗತೈತಿ. ಮಾತಾಡಿದ್ರ ಸಣ್ಣಗ ಮಾಮೂಲಿ ದನೀಲೆ ನಾಕ ಮಾತು.” ಹೊರಡುವಾಗ ಮತ್ತೆ ಕರೆದು ಹೇಳಿದರು: ನುಂಗುವಾಗ ತುತ್ತು ಸಿಕ್ಕರೆ, ಮೈ ಸಣ್ಣಗಾಗುತ್ತ ಹೋದರೆ, ವಾಂತಿಯಲ್ಲಿ ರಕ್ತ ಕಂಡರೆ ದಾರಿ ಕಾಯದೆ ಓಡಿ ಬರಬೇಕು.

ದನಿ ಬರುತ್ತದೆಯೇ ಎಂದು ಕೇಳಿದ್ದಕ್ಕೆ, ಎರಡು ಮೂರು ತಿಂಗಳು ಹಿಡಿಯುತ್ತದೆ, ಅವಸರ ಮಾಡಬೇಡಿ ಎಂದರು. ಎಳ್ಳಮಾವಾಸ್ಯೆಗೆ ಮೂರೇ ತಿಂಗಳು ಉಳಿದಿತ್ತು.

ಮೊದಲ ಜಗಳ ಚಹಾದ್ದು. ಮರುದಿನ ತಾಯಣ್ಣ ಕೈಸನ್ನೆಯಲ್ಲೇ ಜನರನ್ನು ಕರೆದು ಗೋಪಾಲನ ಜೀಪು ತುಂಬಿಸಿದ. ಅವನು ರಿವಾಜಿನಂತೆ ಚಹಾ ತರಿಸಿ ತಾಯಣ್ಣನ ಮುಂದೆ ಹಿಡಿದ. ತಾಯಣ್ಣ ಕೈ ಮುಗಿದು ಬೇಡವೆಂದ. ಬಾಯಿ ಬಿಟ್ಟು ಹೇಳುವಂತಿಲ್ಲವಲ್ಲ, ಬರಿ ಕೈ ಮುಗಿದರೆ ಅದು ಬೇರೆಯದೇ ಅರ್ಥ ಕೊಟ್ಟಿತು.

“ಏನಪಾ, ನನ್ನ ಚಾ ಕಹಿ ಆತೇನು? ಎಳ್ಳಮಾಸಿ ಅಂದಿದ್ದಕ್ಕ ಸಿಟ್ಟೇನು?”

ನಾನು ಹಿಟ್ಟಿನ ಕೈಯಲ್ಲೇ ಹೋಗಿ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ.

“ಚಾ ಬ್ಯಾಡ, ಮಿರ್ಚಿ ಬ್ಯಾಡ. ಮತ್ತ ನಾ ಏನ್ ಕೊಡಬೇಕು? ಪುಕ್ಕಟೆ ಗಾಡಿ ತುಂಬಿಸಿಕೊಂಡ ಅಂತ ನಾಳಿ ಮಂದಿ ನನಗ ಅನ್ನಬೇಕೇನು?”

“ಅರ್ಧ ರೊಟ್ಟಿ ಕೊಡು,” ಎಂದೆ. “ಸ್ವಲ್ಪ ಸ್ವಲ್ಪ ಉಣ್ಣು ಅಂದಾರ. ಒಂದು ಗಾಡಿಗಿ ಅರ್ಧ ರೊಟ್ಟಿ.”

ಗೋಪಾಲ್, “ಹಂಗಾದ್ರ ಚಾ ನಾ ಕುಡೀತೀನಿ,” ಎಂದು ಕುಡಿದು ಹೋದ. ಅಂದಿನಿಂದ ಅರ್ಧ ರೊಟ್ಟಿ ರಿವಾಜಾಯಿತು. ಮೂರು ನಾಲ್ಕು ಗಾಡಿಯವರು ಕೊಟ್ಟರೆ ಸಾಕು, ಉಳಿದವರು ಹೆಗಲು ತಟ್ಟಿ ಹೋಗಬೇಕೆಂದು ನಾನೇ ಹೇಳಿದೆ. ಇಲ್ಲದಿದ್ದರೆ ಹದಿನೈದು ಅರ್ಧ ರೊಟ್ಟಿ ತಿಂದು ಅವನು ಬೇರೆ ಡಾಕ್ಟರ ಹತ್ತಿರ ಹೋಗಬೇಕಾಗುತ್ತಿತ್ತು.

ರೊಟ್ಟಿಗೆ ಪಲ್ಯ ಬೇಕು. ಖಾರವಿಲ್ಲದ ಪಲ್ಯ ನನ್ನ ಒಲೆಯ ಮೇಲೆ ಅದುವರೆಗೆ ಏರಿರಲಿಲ್ಲ. ಸಣ್ಣ ಬೋಗುಣಿಯಲ್ಲಿ ಹೀರೇಕಾಯಿ, ಹೆಸರುಬೇಳೆ, ಜೀರಿಗೆ, ಉಪ್ಪು ಇಷ್ಟೇ ಹಾಕಿ ಬೇಯಿಸಿದೆ. ನೋಡಿದರೆ ನನಗೇ ನಾಚಿಕೆ. ಡ್ರೈವರುಗಳು ಬಿಡುತ್ತಾರೆಯೇ? “ಬಾಣಂತಿ ಬಂದ್ಲು ನೋಡ್ರಪಾ, ಜಾಗ ಬಿಡ್ರಿ,” “ಬಾಣಂತಿಗಿ ಗಾಳಿ ಆಡದಂಗ ಕಿವಿ ಕಟ್ರಿ.” ತಾಯಣ್ಣ ಉತ್ತರ ಕೊಡುವಂತಿಲ್ಲ. ತಲೆಯ ಮೇಲೆ ಟವೆಲ್ಲು ಕಟ್ಟಿಕೊಂಡು ಬಾಣಂತಿಯಂತೆ ಒಳ್ಳೆ ಗತ್ತಿನಲ್ಲಿ ಕೂತು ಉಣ್ಣತೊಡಗಿದ.

ವಾರ ಕಳೆಯಲಿಲ್ಲ, ಒಂದು ಮಧ್ಯಾಹ್ನ ಎಲ್ಲರೂ ಉಂಡೆದ್ದ ಮೇಲೆ ಗೋಪಾಲ್ ಒಬ್ಬನೇ ಬಂದು ತಟ್ಟೆ ಹಿಡಿದ. “ಆ ಬಾಣಂತಿ ಪಲ್ಯ ಒಂದೀಟು ಹಾಕಕ್ಕಾ. ಯಾರಿಗೂ ಹೇಳಬ್ಯಾಡ. ಸ್ಟೇರಿಂಗ್ ಹಿಡದು ಕುಂತ್ರ ನನಗೂ ಎದ್ಯಾಗ ಬೆಂಕಿ ಇಟ್ಟಂಗ ಆಗತೈತಿ.” ತಿಂಗಳು ತುಂಬುವುದರೊಳಗೆ ಸಣ್ಣ ಬೋಗುಣಿ ಹೋಗಿ ದೊಡ್ಡ ಪಾತೇಲಿ ಬಂತು.

ಮನೆಯ ಕಡೆಯ ಸುದ್ದಿ ಎಂಕಮ್ಮ ತರುತ್ತಿದ್ದಳು. “ಇಟ್ಟಿಗಿ ಇಟ್ಟಾಗಿನಿಂದ ಈ ಮನಿಷ್ಯಾ ತಲಿಕಡಿ ಮಲಗಿ ಕಾಲಕಡಿ ಏಳತಾನಕ್ಕಾ. ಜಾರಿ ಜಾರಿ ಮುಂಜಾನಿಗಿ ಬಾಗಲ ಹತ್ರ ಇರತಾನ.” ಒಂದರ ಮೇಲೊಂದು ಇಟ್ಟಿದ್ದ ಎರಡು ಇಟ್ಟಿಗೆಯಲ್ಲಿ ಒಂದನ್ನು ತೆಗೆದರು, ಜಾರುವುದು ನಿಂತಿತು. ಎಡಗಡೆ ಹೊರಳಿದರೆ ಅವನ ಮುಖ ಗೋಡೆಯ ಕಡೆ ಬರುತ್ತಿತ್ತು. “ಮೂವತ್ತು ವರ್ಷ ನನ್ನ ಕಡಿ ಮಾರಿ ಮಾಡಿ ಮಲಗಿದಾಂವ, ಈಗ ಗ್ವಾಡಿ ಜೋಡಿ ಮಾತಾಡತಾನ,” ಎಂದು ಅವಳು ಮಂಚದ ದಿಕ್ಕನ್ನೇ ತಿರುಗಿಸಿ ಹಾಕಿದಳು. ಸಂಜೆ ಆರೂವರೆಗೆ ಅವನಿಗೆ ಬುತ್ತಿ ಕಟ್ಟಿಕೊಂಡು ಚೌರಸ್ತೆಗೇ ಬರತೊಡಗಿದಳು. ಉಂಡು ಕಡೆಯ ಗಾಡಿಯವರೆಗೆ ಅವನು ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತಿದ್ದ.

ಇತ್ತ ಗಾಡಿಗಳಿಗೆ ಕರೆಯುವವರು ಯಾರು? ಅದಕ್ಕೆ ಗೋಪಾಲನೇ ಒಂದು ಉಪಾಯ ಮಾಡಿದ್ದ. ಎರಡು ವರ್ಷದ ಹಿಂದೆ ಮೋಜಿಗೆಂದು ತಾಯಣ್ಣ ಕೂಗುವುದನ್ನು ಮೊಬೈಲಿನಲ್ಲಿ ಹಿಡಿದಿದ್ದನಂತೆ. ಅದನ್ನು ಒಂದು ಸಣ್ಣ ಮೈಕಿಗೆ ಹಾಕಿ ಜೀಪಿನ ಮೇಲೆ ಕಟ್ಟಿದ. ಹಳೆಯ ದನಿ, ಗಂಟೆ ಹೊಡೆದಂತೆ, “ರಾಯಚೂರ್ ರಾಯಚೂರ್ ರಾಯಚೂರ್.” ಮೂರೂ ಭಾಷೆ, ಒಂದೇ ಸೀಟು, ಏಕಿಚ್ ಸೀಟ್. ಅದು ಮುಗಿಯುವಲ್ಲಿ ನನ್ನ ದನಿಯೂ ಸಿಕ್ಕಿಹಾಕಿಕೊಂಡಿತ್ತು. ಆ ದಿನ ನಾನು ಊಟಕ್ಕೆ ಕರೆದದ್ದು: “ತಾಯಣ್ಣಾ, ರೊಟ್ಟಿ ಆರ್ತಾವು ಬಾ.” ಅದನ್ನು ಕತ್ತರಿಸುವುದು ಗೋಪಾಲನಿಗೆ ಬರಲಿಲ್ಲ. ಹೀಗಾಗಿ ಅರ್ಧ ನಿಮಿಷಕ್ಕೊಮ್ಮೆ ಇಡೀ ಮಕ್ತಲ್ಲಿಗೆ ನನ್ನ ರೊಟ್ಟಿ ಆರುತ್ತಿರುವುದು ಗೊತ್ತಾಗುತ್ತಿತ್ತು. ಹೊಸಬರು ಹುಡುಕಿಕೊಂಡು ಬಂದು, “ಆರಿದ್ದು ಬ್ಯಾಡ, ಬಿಸಿದು ಕೊಡ್ರಿ,” ಎಂದು ಕೂರುತ್ತಿದ್ದರು.

ಮೊದಲು ಎಲ್ಲರೂ ನಕ್ಕರು, ತಾಯಣ್ಣನೂ ನಕ್ಕ. ಆಮೇಲೆ ಅವನು ನಗುವುದು ಬಿಟ್ಟ. ಒಂದು ದಿನ ಉಣ್ಣುತ್ತ ತುಂಬ ಸಣ್ಣ ದನಿಯಲ್ಲಿ, “ಯಕ್ಕಾ, ನನ್ನ ದನೀನೆ ನನ್ನ ಕೆಲಸ ತಿಂತೈತಿ,” ಎಂದ.

ಸುಳ್ಳಲ್ಲ. ಮೈಕು ಚಹಾ ಕೇಳುವುದಿಲ್ಲ, ಗುಳಿಗೆ ಕೇಳುವುದಿಲ್ಲ. ಎಳ್ಳಮಾವಾಸ್ಯೆಯ ನಂತರವೂ ಇದೇ ಇರಲಿ ಎಂದು ಒಬ್ಬಿಬ್ಬರು ಆಗಲೇ ಅನ್ನುತ್ತಿದ್ದರು.

ಅದರ ನಡುವೆ ಒಬ್ಬ ಮುದುಕ, ಉಂಡವಳ್ಳಿಯ ಕಡೆಯವನು, ಮಗಳ ಮನೆಗೆ ರಾಯಚೂರಿಗೆ ಹೊರಟವನು, ಒಂದೇ ಸೀಟು ಎಂದದ್ದಕ್ಕೆ ಓಡಿ ಬಂದು ಜೀಪು ಹತ್ತಿದ. ಒಳಗೆ ಅವನೊಬ್ಬನೇ. ಮುಕ್ಕಾಲು ತಾಸು ಕೂತ. ಮೇಲೆ ಮೈಕು ಒಂದೇ ಸೀಟು ಅನ್ನುತ್ತಲೇ ಇತ್ತು. ಕಡೆಗೆ ಇಳಿದು ಬಂದು ತಾಯಣ್ಣನ ಮುಂದೆ ಕೋಲು ಕುಟ್ಟಿದ.

“ಕರದಾಂವ ನೀನ ಹೌದಲ್ಲ? ನಿನ್ನ ದನಿ ನಾ ಹತ್ತು ವರ್ಷದಿಂದ ಬಲ್ಲೆ. ಒಂದೇ ಸೀಟು ಅಂತಿ, ಗಾಡಿ ಖಾಲಿ ಐತಿ. ಕೇಳಿದ್ರ ಬಾಯಿ ಹೊಲಕೊಂಡು ನಿಂತಿ. ಎಂಥಾ ಮಳ್ಳ ಮನಿಷ್ಯಾ ಇದ್ದೀಯೋ.”

ತಾಯಣ್ಣ ಮೈಕು ತೋರಿಸಿದ, ಗಂಟಲು ತೋರಿಸಿದ, ಕೈ ಆಡಿಸಿದ. ಅಷ್ಟರಲ್ಲಿ ಮೈಕು “ತಾಯಣ್ಣಾ, ರೊಟ್ಟಿ ಆರ್ತಾವು ಬಾ” ಎಂದಿತು. ಮುದುಕ ನನ್ನ ಕಡೆ ತಿರುಗಿ, “ಉಣ್ಣಾಕ ಬ್ಯಾರೆ ಕರೀತಾರ ಈ ಮಾರಾಯನ್ನ,” ಎಂದು ಬಸ್ಸಿನ ಕಡೆ ನಡೆದ. ನಾನು ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡೆ. ತಾಯಣ್ಣ ಆ ದಿನ ಉಣ್ಣಲಿಲ್ಲ.

ಒಂದು ತಿಂಗಳಿಗೆ ಗಂಟಲು ಕೆರೆಯುವುದು ಕಡಿಮೆಯಾಯಿತು. ಒಂದೂವರೆ ತಿಂಗಳಿಗೆ ನಾಲ್ಕು ಮಾತು ಆಡುವಷ್ಟಾಯಿತು. ಆಗ ಗುಂಡುಮಾಲ್ ಊರಿನ ಎಂಕಮ್ಮನ ತಮ್ಮನ ಮನೆಯಲ್ಲಿ ಒಂದು ಕಾರ್ಯ. ಅಲ್ಲಿ ಪುಂಡಿಪಲ್ಯ ಮಾಡಿದ್ದರು. ಭಾವ ಬಂದಾನ ಎಂದು ತಟ್ಟೆಯ ತುಂಬ ಬಡಿಸಿದರು, ಇವನೂ ಮನಸ್ಸು ತುಂಬ ಉಂಡ, ಉಂಡು ಅಲ್ಲೇ ಚಾಪೆಯ ಮೇಲೆ ಹೊರಳಿದ. ಬೆಳಿಗ್ಗೆ ದನಿ ಮತ್ತೆ ಗೊಗ್ಗರು. ಸರಿಯಾಗಲು ಎಂಟು ದಿನ ಹಿಡಿಯಿತು. ನಾನು ಬಯ್ಯಲಿಲ್ಲ. ಐದು ತಿಂಗಳು ಕಷಾಯ ಕುಡಿಸಿದವಳಿಗೆ ಒಂದು ತಟ್ಟೆ ಪುಂಡಿಪಲ್ಯದ ಬಗ್ಗೆ ಬಯ್ಯುವ ಬಾಯಿ ಎಲ್ಲಿಯದು? ಆಮೇಲೆ ಅವನು ತಪ್ಪಲಿಲ್ಲ. ಯಾರ ಮನೆಗೆ ಹೋದರೂ ಮೊದಲೇ ಎಂಕಮ್ಮ, “ನಮ್ಮ ಬಾಣಂತಿಗಿ ಬ್ಯಾರೆ ತಟ್ಟಿ,” ಎನ್ನುತ್ತಿದ್ದಳು. ಡಾಕ್ಟರಮ್ಮ ಮತ್ತೊಮ್ಮೆ ನಳಿಗೆ ಬಿಟ್ಟು ನೋಡಿ, ಕೆಂಪು ಇಳಿದಿದೆ, ಸ್ವಲ್ಪ ಸ್ವಲ್ಪ ಕರೆಯಬಹುದು, ಕಿರಿಚಬೇಡಿ ಎಂದರು.

ಎಳ್ಳಮಾವಾಸ್ಯೆಗೆ ನಾಲ್ಕು ದಿನವಿತ್ತು. ನಾನು ಸಜ್ಜೆ ರೊಟ್ಟಿ ತಟ್ಟುತ್ತಿದ್ದೆ. ಹಬ್ಬದ ಮುಂದೆ ಕೈ ಬಿಡುವಿಲ್ಲ, ತಲೆ ಎತ್ತಿ ನೋಡುವ ಹೊತ್ತೂ ಅಲ್ಲ. ಆ ಕಡೆ ಮೈಕು ಕೂಗುತ್ತಿತ್ತು, “ರಾಯಚೂರ್ ರಾಯಚೂರ್.” ಅದು ನನ್ನ ಕಿವಿಗೆ ಎಷ್ಟು ರೂಢಿಯಾಗಿತ್ತೆಂದರೆ, ಏಕಿಚ್ ಸೀಟ್ ಅಂದ ಮೇಲೆ ನನ್ನ ದನಿ ಬರುವಷ್ಟರಲ್ಲಿ ರೊಟ್ಟಿ ಒಂದು ಸುತ್ತು ತಿರುಗಿಸುತ್ತಿದ್ದೆ. ಮೈಕು ಏಕಿಚ್ ಸೀಟ್ ಅಂದಿತು. ರೊಟ್ಟಿ ತಿರುಗಿಸಿದೆ. ನನ್ನ ದನಿ ಬರಲಿಲ್ಲ.

ಮೈಕು ಕೆಟ್ಟಿತೇನೋ ಎಂದುಕೊಂಡೆ. ಮತ್ತೆ ಕೂಗು ಕೇಳಿತು. “ಬರ್ರಿ ಬರ್ರಿ. ನಾಕ ಸೀಟು ಅದಾವ, ಕಿಡಕಿ ಕಡಿದು ಒಂದೈತಿ. ಯವ್ವಾ, ಗಂಟು ಇತ್ತ ಕೊಡು, ಗೋಪಾಲ ಇಡತಾನ.”

ತಲೆ ಎತ್ತಿದೆ. ಜೀಪಿನ ಮೇಲೆ ಮೈಕಿನ ವೈರು ಜೋತುಬಿದ್ದಿತ್ತು. ತಾಯಣ್ಣ ಜನರ ನಡುವೆ ಓಡಾಡುತ್ತಿದ್ದ. ಹಳೆಯ ಗಂಟೆಯಂಥ ದನಿಯಲ್ಲ. ತಗ್ಗಿನದು, ಸ್ವಲ್ಪ ಒರಟು, ಆದರೆ ಒಡೆಯದ ದನಿ. ದೂರಕ್ಕೆ ಮುಟ್ಟುವುದಿಲ್ಲವೆಂದು ಅವನೇ ಒಬ್ಬೊಬ್ಬರ ಹತ್ತಿರ ಹೋಗಿ ಎಲ್ಲಿಗೆ ಎಂದು ಕೇಳುತ್ತಿದ್ದ. ನಾಲ್ಕು ಸೀಟಿದ್ದರೆ ನಾಲ್ಕು ಎನ್ನುತ್ತಿದ್ದ. ಆ ಮುದುಕ ಕೋಲು ಕುಟ್ಟಿದ್ದು ಅವನಿಗೆ ನಾಟಿತ್ತು ಎಂದು ಕಾಣುತ್ತದೆ.

ಜೀಪು ತುಂಬಿತು. ಗೋಪಾಲ್ ಹತ್ತುವ ಮೊದಲು ನನ್ನ ಹತ್ತಿರ ಬಂದ.

“ವೈರು ಯಾರು ಕಿತ್ತರಪಾ?” ಎಂದೆ.

“ನಾನ ಕಿತ್ತೆ. ಅದು ಖಾಲಿ ಗಾಡಿಗೂ ಒಂದೇ ಸೀಟು ಅಂತೈತಿ, ತುಂಬಿದ ಗಾಡಿಗೂ ಒಂದೇ ಸೀಟು ಅಂತೈತಿ. ಮಂದಿ ಕಡಿಂದ ಬೈಸಿಕೊಂಡು ಸಾಕಾತು.” ಹೋಗುವಾಗ ತಿರುಗಿ, “ಅವನ ಅರ್ಧ ರೊಟ್ಟಿ ನನ್ನ ಹೆಸರಿಲೆ ಕೊಡು. ಬಾಣಂತಿ ಪಲ್ಯ ಒಂದೀಟು ಉಳಸು, ರಾಯಚೂರಿಂದ ಬಂದು ಉಣತೀನಿ,” ಎಂದ.

ಜೀಪು ಹೋಯಿತು. ತಾಯಣ್ಣ ಇನ್ನೊಂದು ಆಟೋದ ಕಡೆ ನಡೆದು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು ಮತ್ತೆ ಶುರುಮಾಡಿದ. ಕನ್ನಡ ಮುಗಿಯಿತು, ತೆಲುಗು ಮುಗಿಯಿತು, “ಆವ್ ಭಾಯ್ ಆವ್” ಮುಗಿಯಿತು. ಮೂರು ತಿಂಗಳಿಂದ ಅದರ ಬೆನ್ನಿಗೇ ನನ್ನ ಮಾತು ಬರುವುದು ಚೌರಸ್ತೆಗೇ ರೂಢಿಯಾಗಿತ್ತು. ಚಹಾದಂಗಡಿಯವನು ನನ್ನ ಕಡೆ ನೋಡಿದ. ನಾನು ಹಂಚಿನ ಮೇಲಿನ ರೊಟ್ಟಿ ತೆಗೆದು, ಅರ್ಧ ಮುರಿದು, ಹೀರೇಕಾಯಿ ಪಲ್ಯದ ಪಕ್ಕ ಇಟ್ಟು ಕರೆದೆ.

“ತಾಯಣ್ಣಾ, ರೊಟ್ಟಿ ಆರ್ತಾವು ಬಾ.”